ಹಳೇ ಬರಹಗಳಲ್ಲಿ ಬೇರೆಯವರ ಫೋಟೋ ತುಂಬಿಕೊಂಡಿದ್ದೇನೆ. ತೆಗೆಯುವ ಕೆಲಸ ಎಲ್ಲಿಂದ ಶುರು ಮಾಡಲಿ?

ಗದ್ದೆಬಯಲು:
ಎಲ್ಲರಿಗೂ ನಮಸ್ಕಾರ. ಹಾಸನ ಜಿಲ್ಲೆಯ ಗುಡಿ, ವೀರಗಲ್ಲು, ಕೆರೆಗಳ ಬಗ್ಗೆ 2009ರಿಂದ 2017ರವರೆಗೆ ನೆಟ್‌ನಲ್ಲಿ ಬರೆದಿದ್ದೆ. ಒಟ್ಟು 164 ಬರಹ. ಆಗ ನಾನಿನ್ನೂ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದೆ. ಭಾನುವಾರ ಬಸ್ಸು ಹತ್ತಿ ಯಾವುದೋ ಹಳ್ಳಿಗೆ ಹೋಗುವುದು, ಬಂದು ರಾತ್ರಿ ಕೂತು ಬರೆಯುವುದು. ಕ್ಯಾಮೆರಾ ಇರಲಿಲ್ಲ. 2013ರಲ್ಲಿ ಚಿಕ್ಕದೊಂದು ಕೊಂಡೆ. ಅಲ್ಲಿಯವರೆಗೂ ಫೋಟೋ ಬೇಕಾದಾಗ ಗೂಗಲ್‌ನಲ್ಲಿ ಹುಡುಕುತ್ತಿದ್ದೆ. ಚೆನ್ನಾಗಿರುವುದನ್ನು ಸೇವ್ ಮಾಡಿ ಹಾಕುತ್ತಿದ್ದೆ. ಕೆಳಗೆ ‘ಚಿತ್ರಕೃಪೆ: ಅಂತರ್ಜಾಲ’ ಅಂತ ಬರೆದರೆ ಮುಗಿಯಿತು ಅಂದುಕೊಂಡಿದ್ದೆ.

ಹೋದ ವಾರ ಒಂದು ಮೇಲ್ ಬಂತು. ದೊಡ್ಡಗದ್ದವಳ್ಳಿಯ ಲಕ್ಷ್ಮಿ ಗುಡಿಯ ಬಗ್ಗೆ ಬರೆದಿದ್ದೆನಲ್ಲ, ಅದರಲ್ಲಿರುವ ಕಾಳಿ ವಿಗ್ರಹದ ಫೋಟೋ ತೆಗೆದವರು ಬರೆದಿದ್ದಾರೆ. ‘ಮೇಡಂ, ಬರಹ ಓದಿ ಖುಷಿಯಾಯಿತು. ಆ ಫೋಟೋ ನನ್ನದು. ನನ್ನ ಹೆಸರು ಮಾತ್ರ ಎಲ್ಲೂ ಕಾಣಲಿಲ್ಲ.’ ಇಷ್ಟೇ. ಬೈದಿಲ್ಲ, ದುಡ್ಡು ಕೇಳಿಲ್ಲ. ಅದಕ್ಕೇ ಜಾಸ್ತಿ ನೋವಾಯಿತು.

ಅವರು ಮೂಲ ಫೋಟೋವನ್ನೂ ಜೊತೆಗೆ ಕಳಿಸಿದ್ದರು. ಕೆಳಗೆ ಬಲ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಅವರ ಹೆಸರಿದೆ. ನನ್ನ ಬರಹದಲ್ಲಿರುವ ಫೋಟೋದಲ್ಲಿ ಆ ಭಾಗವೇ ಇಲ್ಲ. ಕತ್ತರಿಸಿದ್ದು ನಾನೇ. ಅಕ್ಷರ ಅಡ್ಡ ಬರುತ್ತೆ ಅಂತ ಕ್ರಾಪ್ ಮಾಡಿದ್ದು ಈಗಲೂ ನೆನಪಿದೆ.

ನಿನ್ನೆ ಕೂತು ಎಣಿಸಿದೆ. ಎಲ್ಲ ಬರಹ ಸೇರಿ 900 ಚಿತ್ರ. ಅದರಲ್ಲಿ 430 ನನ್ನವು. ಉಳಿದ 470 ಬೇರೆಯವರದ್ದು. ಅಷ್ಟನ್ನೂ ಒಂದೇ ಸಲ ಅಳಿಸಿಬಿಡಲಾ? ಇಲ್ಲ ಬೇರೆ ದಾರಿ ಇದೆಯಾ? ಅನುಭವ ಇರುವವರು ದಯವಿಟ್ಟು ಹೇಳಿ.

ಕಾಫಿಗಿಡ:
ಮೇಡಂ, ನೀವು ಸುಮ್ನೆ ತಲೆ ಕೆಡಿಸಿಕೊಳ್ಳುತ್ತಿದ್ದೀರಿ ಅನ್ನಿಸುತ್ತೆ. ಬರಹದಿಂದ ಒಂದು ರೂಪಾಯಿ ದುಡಿದಿಲ್ಲ. ಊರಿನ ಇತಿಹಾಸ ನಾಲ್ಕು ಜನಕ್ಕೆ ಗೊತ್ತಾಗಲಿ ಅಂತ ಬರೆದಿರಿ. ಗುಡಿ ಕಟ್ಟಿದ್ದು 900 ವರ್ಷದ ಹಿಂದೆ. ಅದು ನಮ್ಮೆಲ್ಲರ ಆಸ್ತಿ. ಅದರ ಫೋಟೋ ಒಬ್ಬರದ್ದೇ ಹೇಗಾಗುತ್ತೆ? ಮೇಲ್ ಬರೆದವರ ಹೆಸರು ಹಾಕಿ, ಉಳಿದದ್ದು ಹಾಗೇ ಇರಲಿ. ನೀವು 470 ಚಿತ್ರ ಕಿತ್ತು ಹಾಕಿದರೆ ನಷ್ಟ ಓದುವವರಿಗೆ.

ತಾಳೆಗರಿ:
ಗುಡಿ ಎಲ್ಲರದ್ದು ಅನ್ನುವುದು ಸರಿ. ಗುಡಿಯ ಫೋಟೋ ಎಲ್ಲರದ್ದಲ್ಲ. ಇವೆರಡು ಬೇರೆ ಬೇರೆ. ನಾನು ವಕೀಲರ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ, ಈ ಗೊಂದಲವನ್ನು ತುಂಬ ಸಲ ನೋಡಿದ್ದೇನೆ.

ನಮ್ಮ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆ 1957ರದ್ದು. ಅದರ 52ನೇ ಸೆಕ್ಷನ್ ಪ್ರಕಾರ ಕಟ್ಟಡದ ಫೋಟೋ ತೆಗೆದು ಪ್ರಕಟಿಸಲು ಯಾರ ಅಪ್ಪಣೆಯೂ ಬೇಡ. ಸಾರ್ವಜನಿಕ ಜಾಗದಲ್ಲಿ ಕಾಯಂ ಆಗಿ ನಿಲ್ಲಿಸಿರುವ ಶಿಲ್ಪಕ್ಕೂ ಇದೇ ಮಾತು. ಹಾಗಾಗಿ ನೀವೇ ಹೋಗಿ ಬೇಲೂರಿನ ಶಿಲಾಬಾಲಿಕೆಯ ಫೋಟೋ ತೆಗೆದರೆ ಕೃತಿಸ್ವಾಮ್ಯದ ತಕರಾರು ಬರುವುದಿಲ್ಲ. ಬೇರೆಯವರು ತೆಗೆದ ಫೋಟೋ ಮಾತ್ರ ಅವರದ್ದು. ಕ್ಲಿಕ್ ಮಾಡಿದ ಗಳಿಗೆಯಲ್ಲೇ ಹಕ್ಕು ಹುಟ್ಟುತ್ತದೆ. ನೋಂದಣಿ ಬೇಕಿಲ್ಲ, ಹೆಸರು ಬರೆದಿರಲೇಬೇಕು ಅಂತಲೂ ಇಲ್ಲ.

ಆ ಹಕ್ಕು ಎಷ್ಟು ದಿನ? ತೆಗೆದವರು ಬದುಕಿರುವಷ್ಟು ಕಾಲ, ಆಮೇಲೆ 60 ವರ್ಷ. 2012ರ ತಿದ್ದುಪಡಿಗೆ ಮುಂಚೆ ಪ್ರಕಟವಾದ ಮೇಲೆ 60 ವರ್ಷ ಅಂತ ಇತ್ತು. ಈಗ ಲೆಕ್ಕ ಬದಲಾಗಿದೆ. ಮೈಸೂರಿನ ಫೋಟೋಗ್ರಾಫರ್ ಟಿ.ಎಸ್. ಸತ್ಯನ್ ತೀರಿಕೊಂಡದ್ದು 2009ರಲ್ಲಿ. ಅವರ ಫೋಟೋಗಳ ಹಕ್ಕು 2069ರ ಕೊನೆಯವರೆಗೆ ಇರುತ್ತದೆ. ಪೂರ್ಣಚಂದ್ರ ತೇಜಸ್ವಿಯವರು ತೆಗೆದ ಹಕ್ಕಿಗಳ ಫೋಟೋ 2067ರ ಕೊನೆಯವರೆಗೆ. ಅಭಿಮಾನದಿಂದ ಹಂಚುವವರು ಇದನ್ನು ಯೋಚಿಸುವುದೇ ಇಲ್ಲ.

ಲಾಭ ಮಾಡಿಲ್ಲ ಅನ್ನುವುದು ಶಿಕ್ಷೆ ತೀರ್ಮಾನಿಸುವಾಗ ಲೆಕ್ಕಕ್ಕೆ ಬರಬಹುದು. ಅದರಿಂದ ತಪ್ಪು ಒಪ್ಪಾಗುವುದಿಲ್ಲ. ‘ಶಿಕ್ಷಣಕ್ಕಾಗಿ’ ಅನ್ನುವ ಮಾತೂ ಅಷ್ಟೇ. ಮೇಡಂ ತಮ್ಮ ಕ್ಲಾಸಿನಲ್ಲಿ ಪಾಠ ಮಾಡುವಾಗ ತೋರಿಸಿದ್ದರೆ ಕಾನೂನು ಒಪ್ಪುತ್ತೆ. ಜಗತ್ತೇ ನೋಡುವ ಜಾಗದಲ್ಲಿ ಹಾಕುವುದು ಕ್ಲಾಸ್‌ರೂಮ್ ಅಲ್ಲ. ಒಂದು ಫೋಟೋವನ್ನೇ ಮುಂದಿಟ್ಟುಕೊಂಡು ಅದರ ಬಗ್ಗೆ ವಿಮರ್ಶೆ ಬರೆದರೆ ಅವಕಾಶ ಇದೆ. ಬರಹ ಅಂದವಾಗಿ ಕಾಣಲಿ ಅಂತ ಹಾಕಿದರೆ ಇಲ್ಲ.

ಇನ್ನೊಂದು ಮಾತು. ಮೇಡಂ ಹೆದರಲಿ ಅಂತ ಹೇಳುತ್ತಿಲ್ಲ, ಬೇರೆಯವರೂ ಓದುತ್ತಾರೆ ಅಂತ ಹೇಳುತ್ತಿದ್ದೇನೆ. ಹಕ್ಕಿನ ವಿವರವಿರುವ ಗುರುತನ್ನು ಬೇಕೆಂದೇ ತೆಗೆದುಹಾಕುವುದು ಬೇರೆಯೇ ಅಪರಾಧ. 2012ರ ತಿದ್ದುಪಡಿಯಲ್ಲಿ 65ಬಿ ಅಂತ ಸೇರಿಸಿದ್ದಾರೆ. ಎರಡು ವರ್ಷದವರೆಗೆ ಜೈಲು ಮತ್ತು ದಂಡ. ವಾಟರ್‌ಮಾರ್ಕ್ ಕತ್ತರಿಸುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಕತ್ತಲೆಕೋಣೆ:
ಶಿವಮೊಗ್ಗದಲ್ಲಿ 31 ವರ್ಷ ಸ್ಟುಡಿಯೋ ನಡೆಸಿದೆ. ಈಗ ಮುಚ್ಚಿದ್ದೇನೆ. ಕಾಫಿಗಿಡ ಅವರೇ, ಫೋಟೋ ತೆಗೆದವರ ಕಡೆಯಿಂದ ನಾಲ್ಕು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ದೊಡ್ಡಗದ್ದವಳ್ಳಿಯ ಕಾಳಿ ಗರ್ಭಗುಡಿ ನಾನು ನೋಡಿದ್ದೇನೆ. ನಾಲ್ಕು ಗರ್ಭಗುಡಿಗಳ ಗುಡಿ ಅದು. ಕಾಳಿಯ ಬಾಗಿಲ ಎರಡೂ ಕಡೆ ಎಲುಬು ಕಾಣುವ ಬೇತಾಳಗಳು ನಿಂತಿವೆ. ಒಳಗೆ ಕತ್ತಲು. ಫ್ಲ್ಯಾಶ್ ಹೊಡೆದರೆ ಕಲ್ಲು ಚಪ್ಪಟೆಯಾಗಿ, ಬೆಳ್ಳಗೆ ಬರುತ್ತೆ, ಮುಖದ ಭಾವ ಸತ್ತುಹೋಗುತ್ತೆ. ಹೊರಗಿನ ಬೆಳಕು ನೆಲಕ್ಕೆ ಬಡಿದು ಒಳಗೆ ಹಬ್ಬುವ ಹೊತ್ತು ಇರುತ್ತೆ. ಅದಕ್ಕೆ ಕಾಯಬೇಕು. ಉಸಿರು ಬಿಗಿಹಿಡಿದು ಕ್ಯಾಮೆರಾ ಅಲ್ಲಾಡದ ಹಾಗೆ ಒತ್ತಬೇಕು. ಹತ್ತು ತೆಗೆದರೆ ಒಂದು ಬರುತ್ತೆ. ಆ ಒಂದನ್ನು ನಾವು ಒಂದು ಸೆಕೆಂಡಿನಲ್ಲಿ ಸೇವ್ ಮಾಡಿಕೊಳ್ಳುತ್ತೇವೆ.

ನನ್ನ ಒಂದು ಫೋಟೋ, ಆಗುಂಬೆ ಮಳೆಯದ್ದು, ಎಷ್ಟು ಕಡೆ ಹೋಗಿದೆ ಅಂದರೆ ಲೆಕ್ಕವಿಲ್ಲ. ಕ್ಯಾಲೆಂಡರಿನಲ್ಲೂ ನೋಡಿದ್ದೇನೆ. ದುಡ್ಡು ಬರಲಿಲ್ಲ ಅನ್ನುವುದು ಮರೆತುಹೋಯಿತು. ಮಗಳು ಒಂದು ದಿನ ಆ ಫೋಟೋ ತೋರಿಸಿ ‘ಅಪ್ಪ, ನೋಡು ಎಷ್ಟು ಚೆನ್ನಾಗಿದೆ, ಯಾರು ತೆಗೆದಿದ್ದೋ’ ಅಂದಳು. ಅದು ಮಾತ್ರ ಮರೆತಿಲ್ಲ.

ಶಾಸನಪ್ರೇಮಿ:
ಕತ್ತಲೆಕೋಣೆ ಅಣ್ಣನ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ನಾವು ಹೊಯ್ಸಳ ಶಿಲ್ಪದ ಬಗ್ಗೆ ಬರೆಯುವಾಗ ಹೆಮ್ಮೆಯಿಂದ ಹೇಳುವ ಸಂಗತಿ ಯಾವುದು? ಆ ಶಿಲ್ಪಿಗಳು ತಮ್ಮ ಹೆಸರು ಕೆತ್ತಿದ್ದಾರೆ ಅನ್ನುವುದು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ನುಗ್ಗೇಹಳ್ಳಿಯಲ್ಲಿ ಬೈಚೋಜ, ಮಲ್ಲಿತಮ್ಮ. ಸೋಮನಾಥಪುರದಲ್ಲೂ ಮಲ್ಲಿತಮ್ಮ. ಎಷ್ಟೋ ಕಡೆ ರಾಜರ ಕಾಲದ ಕಲೆ ಅಂದರೆ ಮಾಡಿದವನ ಹೆಸರೇ ಇರುವುದಿಲ್ಲ. ಇಲ್ಲಿ ಇದೆ. ಎಲ್ಲಿದೆ? ವಿಗ್ರಹದ ಕೆಳಗೆ, ಪೀಠದಲ್ಲಿ, ಸಣ್ಣ ಅಕ್ಷರದಲ್ಲಿ. ಫೋಟೋಗ್ರಾಫರ್ ಹೆಸರು ಹಾಕುವುದೂ ಅಲ್ಲೇ ಅಲ್ವಾ? ಮಲ್ಲಿತಮ್ಮನ ಹೆಸರಿರುವ ಪೀಠವನ್ನು ಯಾರಾದರೂ ಒಡೆದರೆ ನಾವು ಎಷ್ಟು ಸಂಕಟಪಡುತ್ತೇವೆ! ನಾನೂ ಎಷ್ಟೋ ಫೋಟೋಗಳ ಕೆಳಭಾಗ ಕತ್ತರಿಸಿ ಹಾಕಿದ್ದೇನೆ. ಗದ್ದೆಬಯಲು ಅಕ್ಕ, ನಿಮ್ಮ ಜೊತೆ ನಾನೂ ನನ್ನ ಬರಹಗಳನ್ನು ತೊಳೆಯಲು ಕೂರುತ್ತೇನೆ.

ಎಲ್ಲವನ್ನೂ ಅಳಿಸುವುದು ಮಾತ್ರ ಬೇಡ. ಮೇಲ್ ಬಂದಿರುವುದು ಕಾಳಿ ಫೋಟೋ ಬಗ್ಗೆ ಅಂದಿರಿ. 2020ರ ನವೆಂಬರ್‌ನಲ್ಲಿ ಆ ವಿಗ್ರಹ ಒಡೆದಿತ್ತು, ನೆನಪಿರಬೇಕು. ಅದಕ್ಕೂ ಮುಂಚಿನ ಒಳ್ಳೆಯ ಫೋಟೋ ಅಂದರೆ ಅದು ದಾಖಲೆ. ಅಳಿಸುವುದಕ್ಕಿಂತ ಕೇಳುವುದು ಮೇಲು. ಕೇಳಿ, ಹೆಸರು ಹಾಕಿ ಉಳಿಸಿಕೊಳ್ಳಿ.

ಗದ್ದೆಬಯಲು:
ಪೀಠದ ಮಾತು ಓದಿ ಕಣ್ಣು ತುಂಬಿತು. ನುಗ್ಗೇಹಳ್ಳಿ ಬರಹದಲ್ಲಿ ಮಲ್ಲಿತಮ್ಮನ ಸಹಿ ಬಗ್ಗೆ ಮೂರು ಪ್ಯಾರಾ ಬರೆದಿದ್ದೇನೆ. ಅದರ ಪಕ್ಕದಲ್ಲಿರುವ ಫೋಟೋ ಯಾರದ್ದು ಅಂತ ನನಗೇ ಗೊತ್ತಿಲ್ಲ.

ಎಲ್ಲ ಅಳಿಸುವುದಿಲ್ಲ. ಒಂದೊಂದಾಗಿ ನೋಡುತ್ತೇನೆ. ಆದರೆ ಯಾರದ್ದು ಅಂತ ಹುಡುಕುವುದು ಹೇಗೆ? ಮತ್ತೆ ಅಳಿಸುವುದಾದರೆ ಬರಹ ತೆರೆದು ಚಿತ್ರ ಡಿಲೀಟ್ ಮಾಡಿದರೆ ಸಾಕಲ್ವಾ?

ಕೊಂಡಿ:
ಸಾಲದು ಮೇಡಂ. ಇಲ್ಲೇ ಎಲ್ಲರೂ ಎಡವುವುದು.

ಬರಹದಿಂದ ಚಿತ್ರ ತೆಗೆದರೆ ಪುಟದಲ್ಲಿ ಕಾಣುವುದು ನಿಲ್ಲುತ್ತದೆ ಅಷ್ಟೇ. ಫೈಲ್ ಸರ್ವರ್‌ನಲ್ಲೇ ಕೂತಿರುತ್ತದೆ. ಅದರ ನೇರ ಲಿಂಕ್ ಗೊತ್ತಿರುವವರಿಗೆ ತೆರೆಯುತ್ತೆ, ಗೂಗಲ್ ಚಿತ್ರಗಳಲ್ಲೂ ಸಿಗುತ್ತಿರಬಹುದು. ವರ್ಡ್‌ಪ್ರೆಸ್ ಆದರೆ ಮೀಡಿಯಾ ಲೈಬ್ರರಿಗೆ ಹೋಗಿ ಅಲ್ಲಿಂದ ಶಾಶ್ವತವಾಗಿ ಅಳಿಸಬೇಕು. ನೀವು ಒಂದು ಫೋಟೋ ಹಾಕಿದಾಗ ಅದು ತಾನೇ ಚಿಕ್ಕದು, ಮಧ್ಯಮ, ದೊಡ್ಡದು ಅಂತ ಹಲವು ಗಾತ್ರದ ಪ್ರತಿ ಮಾಡಿಟ್ಟಿರುತ್ತೆ. ಲೈಬ್ರರಿಯಿಂದ ಅಳಿಸಿದರೆ ಸಾಮಾನ್ಯವಾಗಿ ಅವೂ ಹೋಗುತ್ತವೆ. ಆದರೂ ಹಳೇ ನೇರ ಲಿಂಕ್ ಒತ್ತಿ ನೋಡಿ. ತೆರೆಯದಿದ್ದರೆ ಹೋಗಿದೆ ಅಂತ ಅರ್ಥ.

ಅಳಿಸಿದ ಮೇಲೂ ಗೂಗಲ್ ಹುಡುಕಾಟದಲ್ಲಿ ಸ್ವಲ್ಪ ದಿನ ನೆರಳು ಉಳಿದಿರುತ್ತದೆ. ಹಳತಾದ ಪುಟ, ಚಿತ್ರ ತೆಗೆಸಲು ಗೂಗಲ್‌ನಲ್ಲೇ ಒಂದು ಅರ್ಜಿ ಇದೆ, ಅಲ್ಲಿ ಲಿಂಕ್ ಕೊಟ್ಟರೆ ಬೇಗ ಹೋಗುತ್ತೆ.

ಇದೆಲ್ಲಕ್ಕೂ ಮುಂಚೆ ಪೂರ್ತಿ ಬ್ಯಾಕಪ್ ತೆಗೆದು ನಿಮ್ಮ ಹಾರ್ಡ್‌ಡಿಸ್ಕ್‌ನಲ್ಲಿ ಇಟ್ಟುಕೊಳ್ಳಿ. ನಾನು 2018ರಲ್ಲಿ ಆತುರಪಟ್ಟು ನೇರವಾಗಿ ಅಳಿಸಿದೆ. ಆಮೇಲೆ ನೋಡಿದರೆ ನಾನೇ ತೆಗೆದಿದ್ದ ಅಜ್ಜಿಯ ಮನೆಯ ಫೋಟೋಗಳೂ ಅದರ ಜೊತೆ ಹೋಗಿದ್ದವು. ಆ ಮನೆ ಈಗ ಇಲ್ಲ.

ಯಾರದ್ದು ಅಂತ ಹುಡುಕಲು ಗೂಗಲ್ ಲೆನ್ಸ್, ಟಿನ್‌ಐ ಎರಡರಲ್ಲೂ ಹಾಕಿ ನೋಡಿ. ಚಿತ್ರ ಕೊಟ್ಟರೆ ಅದು ನೆಟ್‌ನಲ್ಲಿ ಎಲ್ಲೆಲ್ಲಿದೆ ಅಂತ ಇವು ಹುಡುಕಿಕೊಡುತ್ತವೆ. ಟಿನ್‌ಐನಲ್ಲಿ ಮೊದಲು ಕಂಡದ್ದು ಯಾವುದು, ಗಾತ್ರದಲ್ಲಿ ದೊಡ್ಡದು ಯಾವುದು ಅಂತ ಜೋಡಿಸಿ ನೋಡಬಹುದು. ದೊಡ್ಡ ಗಾತ್ರದ್ದು, ಕತ್ತರಿಸದೇ ಇರುವುದು ಎಲ್ಲಿದೆಯೋ ಅಲ್ಲಿಗೆ ಹೋದರೆ ಬಹಳ ಸಲ ತೆಗೆದವರು ಸಿಗುತ್ತಾರೆ. ನಿಮ್ಮ 470ರಲ್ಲಿ ಒಂದಷ್ಟು ವಿಕಿಮೀಡಿಯಾ ಕಾಮನ್ಸ್‌ನಿಂದ, ಅಂದರೆ ಬೇರೆಯವರೂ ಬಳಸಲಿ ಅಂತ ಜನ ತಮ್ಮ ಫೋಟೋ ಹಾಕುವ ತಾಣದಿಂದ, ಬಂದಿರುತ್ತವೆ ಅಂತ ನನ್ನ ಅಂದಾಜು. ಕರ್ನಾಟಕದ ಗುಡಿಗಳ ಫೋಟೋ ಅಲ್ಲಿ ರಾಶಿ ಇದೆ. ಅಂಥವನ್ನು ತೆಗೆಯುವುದು ಬೇಡ.

ಕಾಫಿಗಿಡ:
ಕಾಮನ್ಸ್‌ನದ್ದು ಅಂದರೆ ಫ್ರೀ ತಾನೇ? ಅದಕ್ಕೂ ಹೆಸರು ಹಾಕಬೇಕಾ?

ಕೊಂಡಿ:
ಬಹುತೇಕ ಫೋಟೋಗಳಿಗೆ ಹಾಕಬೇಕು. ಅಲ್ಲಿನ ಫೋಟೋ ಬಳಸಲು ದುಡ್ಡು ಕೊಡಬೇಕಿಲ್ಲ, ಮತ್ತೆ ಅಪ್ಪಣೆ ಕೇಳಬೇಕಿಲ್ಲ. ಆದರೆ ಷರತ್ತು ಇದೆ. ಫೋಟೋದ ಪುಟ ತೆರೆದರೆ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಯಾವುದು ಅಂತ ಬರೆದಿರುತ್ತದೆ. ಸಿಸಿ ಬಿವೈ ಅಂದರೆ ಹೆಸರು ಹಾಕಿ ಬಳಸಿ. ಸಿಸಿ ಬಿವೈ-ಎಸ್‌ಎ ಅಂದರೆ ಹೆಸರು ಹಾಕಿ, ಫೋಟೋ ತಿದ್ದಿ ಹಂಚಿದರೆ ಅದನ್ನೂ ಅದೇ ಲೈಸೆನ್ಸ್‌ನಲ್ಲಿ ಕೊಡಿ. ಸಿಸಿ0 ಅಂದರೆ ಯಾವ ಷರತ್ತೂ ಇಲ್ಲ. ಬೇರೆ ಕಡೆ ಎನ್‌ಸಿ ಅಂತ ಕಂಡರೆ ವ್ಯಾಪಾರಕ್ಕೆ ಬೇಡ, ಎನ್‌ಡಿ ಅಂದರೆ ತಿದ್ದಿ ಹಂಚಬೇಡಿ.

ಬರೆಯುವುದು ಹೀಗೆ: ಫೋಟೋ ಏನು, ಯಾರು ತೆಗೆದದ್ದು, ಎಲ್ಲಿಂದ, ಯಾವ ಲೈಸೆನ್ಸ್. ಕೊನೆಯ ಎರಡಕ್ಕೆ ಲಿಂಕ್ ಕೊಡಿ. ಕ್ರಾಪ್ ಮಾಡಿದ್ದರೆ ‘ಕತ್ತರಿಸಲಾಗಿದೆ’ ಅಂತ ಸೇರಿಸಿ. ‘ಕೃಪೆ: ವಿಕಿಪೀಡಿಯಾ’ ಅಂತ ಬರೆದರೆ ಆಗುವುದಿಲ್ಲ. ಫೋಟೋ ತೆಗೆದದ್ದು ವಿಕಿಪೀಡಿಯಾ ಅಲ್ಲ, ಯಾರೋ ಒಬ್ಬರು ಬಿಸಿಲಲ್ಲಿ ನಿಂತು ತೆಗೆದದ್ದು.

ಶಾಸನಪ್ರೇಮಿ:
ಹಳೇ ಕಪ್ಪು-ಬಿಳುಪು ಫೋಟೋಗಳ ಬಗ್ಗೆ ನಾನು ಹೇಳುತ್ತೇನೆ ಅಕ್ಕ, ನಿಮ್ಮ ಬರಹಗಳಲ್ಲಿ ಅಂಥವು ತುಂಬ ನೋಡಿದ ನೆನಪು. ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪಿಯಲ್ಲಿ ತೆಗೆದವು, ಲಿನ್ನೇಯಸ್ ಟ್ರೈಪ್ 1854ರಲ್ಲಿ ಬೇಲೂರು, ಹಳೇಬೀಡಿನಲ್ಲಿ ತೆಗೆದವು, ಇವುಗಳ ಹಕ್ಕಿನ ಅವಧಿ ಯಾವತ್ತೋ ಮುಗಿದಿದೆ. ಧೈರ್ಯವಾಗಿ ಇಟ್ಟುಕೊಳ್ಳಿ. ಕಾನೂನು ಕೇಳದಿದ್ದರೂ ಹೆಸರು ಹಾಕಿ. ಗ್ರೀನ್‌ಲಾ ಮೇಣ ಸವರಿದ ಕಾಗದದ ನೆಗೆಟಿವ್ ಬಳಸುತ್ತಿದ್ದರು. ದೊಡ್ಡ ಕ್ಯಾಮೆರಾ ಹೊತ್ತು ಹಂಪಿಯ ಬಂಡೆಗಳ ಮಧ್ಯೆ ಓಡಾಡಿದ್ದಾರೆ. ಇವತ್ತು ಬಿದ್ದುಹೋಗಿರುವ ಕಂಬಗಳು ಆ ಫೋಟೋಗಳಲ್ಲಿ ನಿಂತಿವೆ.

ಮೈಸೂರು ಪುರಾತತ್ವ ಇಲಾಖೆ 1885ರಲ್ಲಿ ಶುರುವಾಯಿತು. ಅದರ ವಾರ್ಷಿಕ ವರದಿಗಳಲ್ಲಿ ಒಳ್ಳೊಳ್ಳೆ ಫೋಟೋಗಳಿವೆ. ಸರ್ಕಾರಿ ಪ್ರಕಟಣೆಗೆ ಪ್ರಕಟವಾದ ಮೇಲೆ 60 ವರ್ಷ ಅಂತ ಲೆಕ್ಕ. ಆರ್. ನರಸಿಂಹಾಚಾರ್, ಎಂ.ಎಚ್. ಕೃಷ್ಣ ಅವರ ಕಾಲದ ವರದಿಗಳು ಆ ಅವಧಿ ದಾಟಿವೆ. ಯಾವ ವರ್ಷದ ವರದಿ ಅಂತ ಬರೆದರೆ ಓದುವವರಿಗೂ ಉಪಕಾರ.

ತಾಳೆಗರಿ:
ಚಿತ್ರಕಲೆಗೂ ಇದೇ ಲೆಕ್ಕ, ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ. ರಾಜಾ ರವಿವರ್ಮ 1906ರಲ್ಲಿ ತೀರಿಕೊಂಡರು, ಅದು ಎಂದೋ ಮುಕ್ತ. ನಮ್ಮ ಕೆ. ವೆಂಕಟಪ್ಪನವರು ತೀರಿಕೊಂಡದ್ದು 1965ರಲ್ಲಿ. ಅವರ ಚಿತ್ರಗಳು 2026ರ ಜನವರಿ 1ರಿಂದ ಮುಕ್ತ. ಒಂದು ದಿನದ ಆಚೆ ಈಚೆಯಲ್ಲಿ ಉತ್ತರವೇ ಬದಲಾಗುತ್ತೆ, ಅದಕ್ಕೇ ಇಸವಿ ನೋಡಿಕೊಳ್ಳಿ ಅನ್ನುವುದು.

ಬಹಳ ಜನಕ್ಕೆ ಗೊತ್ತಿಲ್ಲದ್ದು ಇನ್ನೊಂದಿದೆ. ದುಡ್ಡು ಕೊಟ್ಟು ಸ್ಟುಡಿಯೋದವರಿಂದ ತೆಗೆಸಿಕೊಂಡ ಫೋಟೋದ ಮೊದಲ ಮಾಲೀಕರು ತೆಗೆಸಿಕೊಂಡವರೇ, ಬೇರೆ ಒಪ್ಪಂದ ಇಲ್ಲದಿದ್ದರೆ. ನಿಮ್ಮ ತಾತ ಅಜ್ಜಿ ಮದುವೆಯಲ್ಲಿ ಸ್ಟುಡಿಯೋಗೆ ಹೋಗಿ ತೆಗೆಸಿದ ಫೋಟೋ ಹಾಕಲು ಹೆದರಬೇಡಿ. ಪತ್ರಿಕೆಯಿಂದ ಕತ್ತರಿಸಿದ ಫೋಟೋ ಹಾಗಲ್ಲ. ಅಲ್ಲಿ ಕೆಲಸಕ್ಕಿರುವ ಫೋಟೋಗ್ರಾಫರ್ ತೆಗೆದದ್ದಾದರೆ ಸಾಮಾನ್ಯವಾಗಿ ಪತ್ರಿಕೆಯನ್ನು ಕೇಳಬೇಕು.

ಕತ್ತಲೆಕೋಣೆ:
ಇದು ಸರಿ. ಆದರೂ ಸ್ಟುಡಿಯೋ ಹೆಸರು ಹಿಂದೆ ಮುದ್ರೆ ಒತ್ತಿರುತ್ತೆ ನೋಡಿ, ಅದನ್ನೂ ಬರೆಯಿರಿ. ಎಷ್ಟೋ ಸ್ಟುಡಿಯೋಗಳು ಮುಚ್ಚಿಹೋಗಿವೆ. ಆ ಮುದ್ರೆ ಬಿಟ್ಟರೆ ಅವರ ಗುರುತು ಎಲ್ಲೂ ಇಲ್ಲ.

ಎರಡನೇಊರು:
ನಾನು ಅಮೆರಿಕದಲ್ಲಿದ್ದೇನೆ. ಇಲ್ಲಿ ನಮ್ಮ ಕನ್ನಡ ಸಂಘದ ಹಳೇ ಸ್ಮರಣ ಸಂಚಿಕೆಗಳನ್ನೆಲ್ಲ ನೆಟ್‌ನಲ್ಲಿ ಹಾಕಿದ್ದೆವು. ಅದರಲ್ಲಿದ್ದ ಒಂದು ಮೈಸೂರು ಅರಮನೆಯ ದೀಪಾಲಂಕಾರದ ಫೋಟೋಗೆ ಒಂದು ಫೋಟೋ ಸಂಸ್ಥೆಯಿಂದ ಪತ್ರ ಬಂತು. ದುಡ್ಡು ಕಟ್ಟಿ ಅಂತ. ಸಂಘದಲ್ಲಿ ಇರುವುದೇ ದೀಪಾವಳಿ ಊಟಕ್ಕೆ ಕೂಡಿಸಿದ ಹಣ. ಖಜಾಂಚಿಗೆ ಎರಡು ವಾರ ನಿದ್ದೆ ಇರಲಿಲ್ಲ.

ನಾವು ಮೊದಲು ಫೋಟೋ ಇಳಿಸಿದೆವು. ಆಮೇಲೆ ಹಕ್ಕು ನಿಮ್ಮದೇ ಅನ್ನುವುದಕ್ಕೆ ದಾಖಲೆ ಕೊಡಿ ಅಂತ ಮರ್ಯಾದೆಯಿಂದ ಬರೆದೆವು. ಕೊಟ್ಟರು. ಮಾತಾಡಿ ಕಡಿಮೆ ಮೊತ್ತಕ್ಕೆ ಮುಗಿಸಿದೆವು. ಇಲ್ಲಿನ ಕಾನೂನಿನಲ್ಲಿ ನೋಂದಣಿಯಾದ ಒಂದು ಕೃತಿಗೆ 750ರಿಂದ 30,000 ಡಾಲರ್‌ವರೆಗೆ ಪರಿಹಾರ ಕೊಡಿಸಲು ಕೋರ್ಟಿಗೆ ಅಧಿಕಾರ ಇದೆ. ಬೇಕೆಂದೇ ಮಾಡಿದ್ದು ಅಂತಾದರೆ 1,50,000ದವರೆಗೆ. ಹೊರದೇಶದಲ್ಲಿ ಸಂಘ ನಡೆಸುವವರು ದಯವಿಟ್ಟು ಹಳೇ ಸಂಚಿಕೆಗಳನ್ನು ಒಮ್ಮೆ ನೋಡಿ. ಪತ್ರ ಬಂದರೆ ಉತ್ತರಿಸದೆ ಕೂರಬೇಡಿ, ಹೆದರಿ ತಕ್ಷಣ ದುಡ್ಡೂ ಕಟ್ಟಬೇಡಿ.

ಮಳೆಬಿಲ್ಲು:
ಒಂದು ಸಲಹೆ. ತೆಗೆದ ಫೋಟೋಗಳ ಜಾಗಕ್ಕೆ ಎಐನಿಂದ ಚಿತ್ರ ಮಾಡಿಸಿ ಹಾಕಬಹುದಲ್ವಾ? ಹೊಯ್ಸಳ ಗುಡಿ ಅಂತ ಬರೆದರೆ ಸೊಗಸಾದ ಚಿತ್ರ ಬರುತ್ತೆ.

ಗದ್ದೆಬಯಲು:
ಬೇಡ ಮಳೆಬಿಲ್ಲು. ನಾನೂ ಒಂದು ಸಲ ಮಾಡಿಸಿ ನೋಡಿದೆ. ಗುಡಿ ಚೆಂದ ಇತ್ತು, ಆದರೆ ಅಂಥ ಗುಡಿ ಎಲ್ಲೂ ಇಲ್ಲ. ಕೋರವಂಗಲದ ಬೂಚೇಶ್ವರನ ಬಗ್ಗೆ ಬರೆದು ಪಕ್ಕದಲ್ಲಿ ಇಲ್ಲದ ಗುಡಿ ತೋರಿಸಿದರೆ, ಓದಿದ ಮಕ್ಕಳು ಅದನ್ನೇ ಬೂಚೇಶ್ವರ ಅಂದುಕೊಳ್ಳುತ್ತಾರೆ. ಅದು ನನ್ನಿಂದ ಆಗದು. ಅದಕ್ಕಿಂತ ಖಾಲಿ ಜಾಗ ಇರಲಿ.

ಕೊಂಡಿ:
ಖಾಲಿ ಬಿಡುವ ಬದಲು ಎರಡು ಸಾಲು ಬರೆಯಿರಿ ಮೇಡಂ. ‘ಇಲ್ಲಿ ಪೂರ್ವ ಬಾಗಿಲಿನ ಫೋಟೋ ಇತ್ತು. ಬಾಗಿಲ ಮೇಲೆ ಗಜಲಕ್ಷ್ಮಿ, ಎಡಗಡೆಯ ಆನೆಯ ಸೊಂಡಿಲು ಮುರಿದಿದೆ.’ ಹೀಗೆ. ಕಣ್ಣು ಕಾಣದವರು ಸ್ಕ್ರೀನ್ ರೀಡರ್‌ನಲ್ಲಿ ಕೇಳುವಾಗಲೂ ಸಹಾಯವಾಗುತ್ತೆ. ಬ್ಯಾಕಪ್‌ನಲ್ಲಿರುವ ಫೋಟೋ ನೋಡಿಕೊಂಡೇ ಬರೆಯಬಹುದು. ಸ್ವಂತ ಅಧ್ಯಯನಕ್ಕೆ ಮನೆಯಲ್ಲಿ ಇಟ್ಟುಕೊಳ್ಳಲು ತೊಂದರೆಯಿಲ್ಲ.

ತಾಳೆಗರಿ:
ಮುಂದೆ ಯಾರಾದರೂ ತಕರಾರು ತೆಗೆದರೆ ಅಂತ ಒಂದು ಪಟ್ಟಿ ಇಟ್ಟುಕೊಳ್ಳಿ. ಯಾವ ಚಿತ್ರ, ಯಾವತ್ತು ಹಾಕಿದ್ದು, ಯಾವತ್ತು ತೆಗೆದದ್ದು, ಯಾರನ್ನು ಕೇಳಿದ್ದು, ಅವರು ಏನು ಅಂದರು. ಒಪ್ಪಿಗೆ ಫೋನಿನಲ್ಲಿ ಬೇಡ, ಮೇಲ್‌ನಲ್ಲಿ ಇರಲಿ. ‘ಬರಹದ ಜೊತೆ ನಿಮ್ಮ ಹೆಸರು ಹಾಕಿ ಇಟ್ಟುಕೊಳ್ಳಲು ಒಪ್ಪಿಗೆಯೇ? ಮುಂದೆ ಪುಸ್ತಕವಾದರೆ ಮತ್ತೆ ಕೇಳುತ್ತೇನೆ’ ಅಂತ ಸ್ಪಷ್ಟವಾಗಿ ಬರೆಯಿರಿ. ನೆಟ್‌ಗೆ ಕೊಟ್ಟ ಒಪ್ಪಿಗೆ ಪುಸ್ತಕಕ್ಕೆ ತಾನಾಗಿ ಬರುವುದಿಲ್ಲ.

ಗದ್ದೆಬಯಲು:
(ಏಳು ವಾರದ ಮೇಲೆ ಬರೆಯುತ್ತಿದ್ದೇನೆ.)

ಕೆಲಸ ಬಹುತೇಕ ಮುಗಿಯಿತು. ದಿನಾ ಸಂಜೆ ಎರಡು ಗಂಟೆ ಕೂತೆ. 470ರಲ್ಲಿ 96 ಕಾಮನ್ಸ್‌ನವು, ಕೊಂಡಿ ಹೇಳಿದ್ದು ಸರಿಯಾಗಿತ್ತು. ಅವಕ್ಕೆಲ್ಲ ಹೆಸರು, ಲೈಸೆನ್ಸ್ ಹಾಕಿದೆ. 61 ಹಳೇ ಫೋಟೋ ಮತ್ತು ವರದಿಗಳವು, ಅವಕ್ಕೆ ಇಸವಿ ಸೇರಿಸಿದೆ. 38ಕ್ಕೆ ಒಪ್ಪಿಗೆ ಬಂತು. 65ರ ಉತ್ತರಕ್ಕೆ ಕಾಯುತ್ತಿದ್ದೇನೆ. ಅಲ್ಲಿಯವರೆಗೆ ಅವನ್ನೂ ಇಳಿಸಿದ್ದೇನೆ. ಉಳಿದ 210 ಪೂರ್ತಿ ತೆಗೆದೆ. ತೆಗೆದವರು ಯಾರು ಅಂತ ಎಷ್ಟು ಹುಡುಕಿದರೂ ಸಿಗಲಿಲ್ಲ. ಕೆಲವನ್ನು ಅಳಿಸುವಾಗ ತುಂಬ ಸಂಕಟವಾಯಿತು.

ಒಪ್ಪಿಗೆ ಕೊಟ್ಟವರಲ್ಲಿ ಒಬ್ಬರು ಬೇಡ ಅಂದಿದ್ದರು ಮೊದಲು. ಅವರ ವೀರಗಲ್ಲಿನ ಫೋಟೋವನ್ನು ಯಾರೋ ಬೇರೆ ಊರಿನದ್ದು ಅಂತ ಹಾಕಿ ಹಂಚಿದ್ದರಂತೆ, ಅದರಿಂದ ಮನಸ್ಸು ಮುರಿದಿತ್ತು. ನನ್ನ ಬರಹದಲ್ಲಿ ಊರು, ಹೊಲದ ಗುರುತು, ಶಾಸನದ ಓದು ಎಲ್ಲ ಸರಿಯಾಗಿದೆ ಅಂತ ನೋಡಿ ಮೂರು ದಿನದ ಮೇಲೆ ಇಟ್ಟುಕೊಳ್ಳಿ ಅಂದರು. ಕಲ್ಲಿನ ಹಿಂಭಾಗದ ಫೋಟೋ ಸಹ ಕಳಿಸಿದರು. ಹಿಂಭಾಗದಲ್ಲಿ ಎರಡು ಸಾಲು ಇರುವುದು ನನಗೆ ಗೊತ್ತೇ ಇರಲಿಲ್ಲ. ಶಾಸನಪ್ರೇಮಿಗೆ ಕಳಿಸಿದ್ದೇನೆ, ಓದಿ ಹೇಳಲಿ.

ಇನ್ನು ದೊಡ್ಡಗದ್ದವಳ್ಳಿ. ಮೇಲ್ ಬರೆದವರಿಗೆ ಕ್ಷಮೆ ಕೇಳಿ ಬರೆದೆ, ಹೆಸರು ಕತ್ತರಿಸಿದ್ದು ನಾನೇ ಅಂತಲೂ ಹೇಳಿದೆ. ಅವರು ಫೋನ್ ಮಾಡಿದರು. ಫೋಟೋ ತೆಗೆದದ್ದು 2011ರಲ್ಲಿ. ಅರ್ಚಕರು ಬಾಗಿಲು ಹಾಕುವವರೆಗೂ ಕಾದು ಕೊನೆಯ ಹತ್ತು ನಿಮಿಷದಲ್ಲಿ ಸಿಕ್ಕಿದ್ದಂತೆ. ವಿಗ್ರಹ ಒಡೆದ ಸುದ್ದಿ ಬಂದಾಗ ಆ ಫೈಲ್ ಹುಡುಕಿ ನೋಡಿ ಅತ್ತರಂತೆ. ಈಗ ಪೂರ್ತಿ ಗಾತ್ರದ ನಾಲ್ಕು ಫೋಟೋ ಕಳಿಸಿದ್ದಾರೆ. ಮೂಲೆಯ ಹೆಸರು ಹಾಗೇ ಇಟ್ಟು ಹಾಕಿದ್ದೇನೆ. ಕೆಳಗೆ ಕನ್ನಡದಲ್ಲೂ ಅವರ ಹೆಸರು, ಇಸವಿ ಬರೆದಿದ್ದೇನೆ.

ಕತ್ತಲೆಕೋಣೆ:
ಓದಿ ತುಂಬ ಸಂತೋಷವಾಯಿತು ಮೇಡಂ. ನನ್ನ ಹತ್ತಿರ ಬಳ್ಳಿಗಾವೆ, ಕುಬಟೂರಿನ ನೆಗೆಟಿವ್‌ಗಳು ಒಂದು ಟ್ರಂಕ್ ತುಂಬ ಇವೆ, 1980ರಿಂದ ಈಚಿನವು. ಮಗಳು ಸ್ಕ್ಯಾನ್ ಮಾಡಿಕೊಡುತ್ತೇನೆ ಅಂದಿದ್ದಾಳೆ. ಕಾಮನ್ಸ್‌ಗೆ ಹಾಕೋಣ ಅಂತಿದ್ದೇನೆ, ನನ್ನ ಹೆಸರಲ್ಲಿ. ಹೇಗೆ ಹಾಕುವುದು ಅಂತ ಕೊಂಡಿ ಅವರು ಹೇಳಿಕೊಟ್ಟರೆ ಸಾಕು.

ಕೊಂಡಿ:
ಅಣ್ಣ, ಫೋನ್‌ನಲ್ಲಿ ಬೇಡ, ನಾನೇ ಶಿವಮೊಗ್ಗಕ್ಕೆ ಬರುತ್ತೇನೆ. ಸ್ಕ್ಯಾನ್ ಮಾಡುವ ಮುಂಚೆ ಪ್ರತಿ ನೆಗೆಟಿವ್ ಎಲ್ಲಿಯದ್ದು ಅಂತ ನಿಮ್ಮ ನೆನಪಿನಲ್ಲಿರುವುದನ್ನು ಒಂದು ನೋಟ್‌ಬುಕ್‌ನಲ್ಲಿ ಬರೆಸಿಡಿ.

ಕಾಫಿಗಿಡ:
ಮೇಡಂ, ಮೊದಲ ದಿನ ನಾನು ಸ್ವಲ್ಪ ಜಾಸ್ತಿಯೇ ಮಾತಾಡಿದೆ. ನುಗ್ಗೇಹಳ್ಳಿ ಬರಹ ಈಗ ನೋಡಿದೆ, ಐದು ಫೋಟೋ ಹೋಗಿವೆ. ನಮ್ಮ ತೋಟದಿಂದ ಅಲ್ಲಿಗೆ ದೂರ ಇದ್ದರೂ ಭಾನುವಾರ ಆ ಕಡೆ ಮದುವೆ ಇದೆ. ಕ್ಯಾಮೆರಾ ತರುತ್ತೇನೆ. ಯಾವ್ಯಾವುದು ಬೇಕು ಹೇಳಿ.

ಕತ್ತಲೆಕೋಣೆ:
ಪೀಠದ ಅಕ್ಷರ ತೆಗೆಯುವುದಾದರೆ ಎದುರಿನ ಬೆಳಕು ಬೇಡ ಕಾಫಿಗಿಡ ಅವರೇ. ಪಕ್ಕದಿಂದ ಓರೆಯಾಗಿ ಬೀಳಬೇಕು, ಆಗ ಅಕ್ಷರ ಎದ್ದು ಕಾಣುತ್ತೆ. ಬಿಸಿಲು ಸರಿಯಿಲ್ಲದಿದ್ದರೆ ಟಾರ್ಚನ್ನು ಗೋಡೆಗೆ ತಾಗುವಷ್ಟು ಪಕ್ಕದಲ್ಲಿ ಹಿಡಿಯಲು ಯಾರನ್ನಾದರೂ ಕರೆದುಕೊಳ್ಳಿ. ಸುಣ್ಣ, ನೀರು ಏನೂ ಹಚ್ಚಬೇಡಿ.

ಗದ್ದೆಬಯಲು:
ಹೊರಗೋಡೆಯ ದೊಡ್ಡ ವಿಗ್ರಹಗಳು ಬೇಕು, ಪೂರ್ತಿ ಪೀಠ ಸೇರಿಸಿ, ಕೆಳಗೆ ಎಲ್ಲೂ ಕತ್ತರಿಸದೆ. ಮಲ್ಲಿತಮ್ಮನ ಹೆಸರಿರುವ ಪೀಠ ಹತ್ತಿರದಿಂದ ಇನ್ನೊಂದು. ಮತ್ತೆ, ಫೋಟೋ ಕೆಳಗೆ ನಿಮ್ಮ ಹೆಸರು ಹೇಗೆ ಬರೆಯಬೇಕು ಅಂತ ತಿಳಿಸಿ. ಕಾಫಿಗಿಡ ಅಂತ ಸಾಲದು, ಪೂರ್ತಿ ಹೆಸರು ಕೊಡಿ.